ಸರ್ವರಿನ ಎರಡನೇ ಕಾರ್ಡು: ಅಭ್ಯಾಸ ಬೋಧನೆಯ ಒಂದು ಅನುಭವ

"ಸರ್, ಇದೊಂದ್ ತೂತಿಗೆ ವಾಯರ್ ಹಾಕೀರಿ, ಬಾಜೂದು ಖಾಲಿ ಐತಲ್ರೀ. ಅದು ಯಾತಕ್ರೀ?"

ಶಾಲಾ ಇಂಟರ್ನ್‌ಶಿಪ್‌ನ ಎರಡನೇ ವಾರ ಒಂಬತ್ತನೇ ತರಗತಿಯ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಅದಕ್ಕೆ ನಾನು ಕೊಟ್ಟ ಮೊದಲ ಉತ್ತರ ತಪ್ಪಾಗಿತ್ತು. ಎರಡನೇ ಉತ್ತರ ಸರಿಯಾಗಿತ್ತು, ಆದರೆ ಶಾಲೆಗೆ ಬೇಕಾಗಿದ್ದದ್ದು ಅದಲ್ಲ. ಮೂರನೆಯದು ಹೊಳೆಯುವ ಮೊದಲು ನನ್ನ ಅಜಾಗರೂಕತೆಯಿಂದ ಒಬ್ಬ ಹುಡುಗಿ ಅಳಬೇಕಾಯಿತು. ನಮ್ಮ ಪತ್ರಿಕೆಯಲ್ಲಿ ಚೆನ್ನಾಗಿ ಆದ ಪಾಠಗಳ ಬಗ್ಗೆ ಹೆಚ್ಚು ಬರೆಯುತ್ತೇವೆ. ಮುಂದೆ ಇದೇ ಶಾಲೆಗೆ ಹೋಗುವ ಕಿರಿಯರಿಗೆ ಉಪಯೋಗವಾಗಲಿ ಎಂದು ತಪ್ಪಿದ ಪಾಠವೊಂದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಹಂಚಿಕೆಯಾದದ್ದು ಗಂಗಾವತಿ ತಾಲ್ಲೂಕಿನ ಹನುಮನಹಳ್ಳಿ ಕಡೆಯ ಒಂದು ಪ್ರೌಢಶಾಲೆ. ತರಗತಿಯ ಕಿಟಕಿಯಿಂದ ಅಂಜನಾದ್ರಿ ಬೆಟ್ಟ ಕಾಣುತ್ತದೆ. ಶನಿವಾರ ಬಂತೆಂದರೆ ಬೆಟ್ಟದ ಮೆಟ್ಟಿಲು ಹತ್ತುವವರ ವಾಹನಗಳಿಂದ ರಸ್ತೆ ತುಂಬಿ ಮಕ್ಕಳು ತಡವಾಗಿ ಬರುತ್ತಾರೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಭತ್ತದ ಗದ್ದೆ ಮತ್ತು ಬಾಳೆ ತೋಟ, ಅದರಾಚೆ ತುಂಗಭದ್ರಾ. ಮಕ್ಕಳಲ್ಲಿ ಹೆಚ್ಚಿನವರು ಕೃಷಿ ಕೂಲಿ ಮಾಡುವವರ, ಸಣ್ಣ ರೈತರ ಮನೆಯವರು. ಬೆಟ್ಟದ ಕೆಳಗೆ ತೆಂಗಿನಕಾಯಿ, ಹೂವು ಮಾರುವವರ ಮಕ್ಕಳಿದ್ದರು. ಹರಿಗೋಲು ಹಾಕುವವರ ಮಗನೂ ಒಬ್ಬನಿದ್ದ.

ಶಾಲೆಯಲ್ಲಿ 10 ಕಂಪ್ಯೂಟರುಗಳ ಒಂದು ಪ್ರಯೋಗಾಲಯವಿತ್ತು. ಪಟ್ಟಣದ ಒಂದು ಕಚೇರಿಯವರು ಹೊಸ ಯಂತ್ರ ತರಿಸಿಕೊಂಡಾಗ ತಮ್ಮ ಹಳೆಯ ಸರ್ವರನ್ನು ಶಾಲೆಗೆ ಕೊಟ್ಟಿದ್ದರು. ಅದು ಮೂಲೆಯಲ್ಲಿ ಧೂಳು ಹಿಡಿದು ಕೂತಿತ್ತು. ನಾನು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ಗಣಿತದ ಜೊತೆ ಕಂಪ್ಯೂಟರ್ ವಿಜ್ಞಾನ ಓದಿದವನು. ಬಿ.ಎಡ್. ಸೇರುವ ಮೊದಲು ಒಂದೂವರೆ ವರ್ಷ ಹೊಸಪೇಟೆಯಲ್ಲಿ ಒಂದು ಖಾಸಗಿ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಹಾಗಾಗಿ ಮುಖ್ಯ ಗುರುಗಳು "ನೀವು ಬಲ್ಲವರು, ಅದನ್ನೊಂದಿಷ್ಟು ಚಾಲೂ ಮಾಡ್ರಿ" ಅಂದಾಗ ಒಳಗೊಳಗೇ ಹಿಗ್ಗಿದೆ. ಎರಡು ಸಂಜೆ ಕೂತು ಲಿನಕ್ಸ್ ಹಾಕಿ, ಇಂಟರ್ನೆಟ್ ಇಲ್ಲದೆಯೂ ಓದಲು ಬರುವ ಕನ್ನಡ ವಿಕಿಪೀಡಿಯದ ಪ್ರತಿ ಮತ್ತು ವಿಜ್ಞಾನದ ಕೆಲವು ವಿಡಿಯೋ ಅದರಲ್ಲಿ ಇಟ್ಟೆ. ಸರ್ವರಿನ ಹಿಂಬದಿಯಲ್ಲಿ ಎರಡು ನೆಟ್‌ವರ್ಕ್ ಕಾರ್ಡುಗಳ ಬಾಯಿ ಇದ್ದವು. ಒಂದಕ್ಕೆ ಕೇಬಲ್ ಹಾಕಿ ಸ್ವಿಚ್‌ಗೆ ಜೋಡಿಸಿದೆ. ಹುಡುಗ ಕೇಳಿದ್ದು ಇನ್ನೊಂದರ ಬಗ್ಗೆ.

ನೆಟ್‌ವರ್ಕ್ ಕಾರ್ಡೆಂದರೆ ಕಂಪ್ಯೂಟರಿಗೆ ಬೇರೆ ಕಂಪ್ಯೂಟರುಗಳ ಜೊತೆ ಮಾತಾಡಲು ಇರುವ ಬಾಗಿಲು. ಮನೆಯ ಯಂತ್ರಕ್ಕೆ ಒಂದು ಸಾಕು. ಹಲವರಿಗೆ ಒಟ್ಟಿಗೆ ಕೆಲಸ ಮಾಡಿಕೊಡುವ ಸರ್ವರಿಗೆ ಸಾಮಾನ್ಯವಾಗಿ ಎರಡೋ ನಾಲ್ಕೋ ಇರುತ್ತವೆ. ಅವನ್ನು ಬಳಸುವ ದಾರಿ ಮುಖ್ಯವಾಗಿ ಎರಡು. ಎರಡನ್ನೂ ಒಂದು ತಂಡವಾಗಿ ಕಟ್ಟಿ, ಹೊರಗಿನವರಿಗೆ ಒಂದೇ ಬಾಗಿಲೆಂಬಂತೆ ತೋರಿಸುವುದು ಒಂದು ದಾರಿ. ಪ್ರತಿಯೊಂದಕ್ಕೂ ಬೇರೆ ವಿಳಾಸ ಕೊಟ್ಟು ಬೇರೆ ಬೇರೆ ಜಾಲಗಳಿಗೆ ಜೋಡಿಸುವುದು ಇನ್ನೊಂದು. ತಂಡ ಕಟ್ಟುವುದಕ್ಕೆ ಲಿನಕ್ಸ್‌ನಲ್ಲಿ ಬಾಂಡಿಂಗ್ ಎನ್ನುತ್ತಾರೆ. ಅದರಲ್ಲಿ 0ಯಿಂದ 6ರವರೆಗೆ ಒಟ್ಟು ಏಳು ವಿಧಾನಗಳಿವೆ. ವಿಂಡೋಸ್‌ನಲ್ಲಿ 2012ರ ಸರ್ವರ್ ಆವೃತ್ತಿಯಿಂದ ಇದು ಒಳಗೇ ಸೇರಿ ಬಂತು, ಅಲ್ಲಿ ಟೀಮಿಂಗ್ ಅನ್ನುತ್ತಾರೆ. ಸರ್ವರ್ ಮತ್ತು ಸ್ವಿಚ್ ಪರಸ್ಪರ ಒಪ್ಪಂದ ಮಾಡಿಕೊಂಡು ಕೇಬಲ್‌ಗಳನ್ನು ಒಟ್ಟುಗೂಡಿಸುವ ಕ್ರಮಕ್ಕೆ 2000ದಲ್ಲಿ ಐಇಇಇ ಸಂಸ್ಥೆ 802.3ಎಡಿ ಎಂಬ ಮಾನಕ ತಂದಿತು. ನಮ್ಮ ಶಾಲೆಯ ಹಳೆಯ ಸ್ವಿಚ್‌ಗೆ ಅಂಥ ಒಪ್ಪಂದದ ಶಕ್ತಿ ಇರಲಿಲ್ಲ. ಹಾಗಾಗಿ ಸ್ವಿಚ್‌ನ ಸಹಾಯ ಬೇಡದ ಆರನೇ ವಿಧಾನವನ್ನು ಆರಿಸಿಕೊಂಡು ಎರಡೂ ಕಾರ್ಡುಗಳನ್ನು ತಂಡವಾಗಿ ಕಟ್ಟಿದೆ. ಹುಡುಗನ ಪ್ರಶ್ನೆಯನ್ನೇ ಪಾಠವಾಗಿಸಿ ಪಾಠಯೋಜನೆಯನ್ನೂ ಬರೆದೆ.

ಪೀಠಿಕೆಗೆ ತುಂಗಭದ್ರಾ ಅಣೆಕಟ್ಟನ್ನು ತೆಗೆದುಕೊಂಡೆ. ಅದರ 33 ಗೇಟುಗಳನ್ನು ಅರಿಯದ ಮಗು ನಮ್ಮ ಭಾಗದಲ್ಲಿಲ್ಲ. "ಒಂದು ಗೇಟು ತೆರೆದರೆ ಇಷ್ಟು ನೀರು. ಎರಡು ಗೇಟು ತೆರೆದರೆ?" "ಎರಡು ಪಟ್ಟು ಸರ್!" ಎಂದು ತರಗತಿ ಕೂಗಿತು. "ಹಾಗೆಯೇ ಸರ್ವರಿಗೆ ಎರಡು ಕಾರ್ಡು ಜೋಡಿಸಿದರೆ ಎರಡು ಪಟ್ಟು ವೇಗ" ಎಂದು ಕಪ್ಪು ಹಲಗೆಯ ಮೇಲೆ ಬರೆದು ಕೆಳಗೆ ಗೆರೆ ಎಳೆದೆ. ಹಿಂದೆ ಕುಳಿತಿದ್ದ ಮಾರ್ಗದರ್ಶಕ ಅಧ್ಯಾಪಕರು ವೀಕ್ಷಣಾ ನಮೂನೆಯಲ್ಲಿ ಏನೋ ಗುರುತು ಹಾಕಿಕೊಂಡರು. ಅಲ್ಲಿಯವರೆಗೆ ಎಲ್ಲವೂ ಸೊಗಸಾಗಿತ್ತು.

ಆಮೇಲೆ ಪ್ರಯೋಗ. 690 ಮೆಗಾಬೈಟ್‌ನ ಒಂದು ವಿಡಿಯೋವನ್ನು ಒಂದು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು. ಒಂದೇ ಕೇಬಲ್ ಇದ್ದಾಗ 62 ಸೆಕೆಂಡು. ಹುಡುಗರು ಎರಡನೇ ಕೇಬಲ್ ಚುಚ್ಚಿದರು. ಎಲ್ಲರೂ ಗಡಿಯಾರ ನೋಡುತ್ತ ನಿಂತರು. ನಾನು 31 ಬರುತ್ತದೆ ಎಂದು ಹೇಳಿಯೂ ಇಟ್ಟಿದ್ದೆ. ಬಂದದ್ದು 61.

ಮತ್ತೊಮ್ಮೆ ಮಾಡಿಸಿದೆ. 62. ತರಗತಿ ನನ್ನ ಮುಖ ನೋಡಿತು. ಆ ಹೊತ್ತಿಗೆ ನನಗೆ ಸುಲಭವಾಗಿ ಸಿಗುತ್ತಿದ್ದ ಮಾತು "ಯಂತ್ರ ಹಳೆಯದು" ಎನ್ನುವುದು. ಅದು ನಾಲಿಗೆ ತುದಿಗೂ ಬಂದಿತ್ತು. ಅಷ್ಟರಲ್ಲಿ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು: "ಸರ್, ಡ್ಯಾಮಿನ ಗೇಟ್ ಎಷ್ಟ್ ತೆಗದ್ರೂ ನಮ್ಮ ಹೊಲದ ತೂಬು ಒಂದ ಐತಲ್ರೀ. ಅದರಾಗ ಎಷ್ಟ್ ಹಿಡಿತೈತೋ ಅಷ್ಟ ಬರ್ತೈತ್ರೀ."

ಆಕೆ ಹೇಳಿದ್ದು ಅಕ್ಷರಶಃ ನಿಜ. ನಮ್ಮ ಸ್ವಿಚ್ ಸೆಕೆಂಡಿಗೆ 100 ಮೆಗಾಬಿಟ್‌ನದು. ಪ್ರತಿ ಕಂಪ್ಯೂಟರಿಗೆ ಹೋಗುವ ಕೇಬಲ್‌ನ ಮಿತಿಯೂ ಅಷ್ಟೇ. ಆ ದಿನ ತಂಡ ಬೋಧನೆಯ ಅಂಗವಾಗಿ ನನ್ನ ಜೊತೆ ಗಣಿತದ ಸಹ-ಪ್ರಶಿಕ್ಷಣಾರ್ಥಿಯೊಬ್ಬರು ಇದ್ದರು. ನಾನು ತಡವರಿಸುತ್ತಿರುವುದನ್ನು ಕಂಡು ಸೀಮೆಸುಣ್ಣ ಕೈಗೆ ತೆಗೆದುಕೊಂಡರು. ಎಂಟು ಬಿಟ್ ಸೇರಿದರೆ ಒಂದು ಬೈಟ್. 100ನ್ನು 8ರಿಂದ ಭಾಗಿಸಿದರೆ 12.5. ದಾರಿಯಲ್ಲಿ ವಿಳಾಸ, ತಪಾಸಣೆ ಇತ್ಯಾದಿಗೆ ಒಂದಿಷ್ಟು ಕಳೆದರೆ ಸೆಕೆಂಡಿಗೆ ಹನ್ನೊಂದು ಚಿಲ್ಲರೆ ಮೆಗಾಬೈಟ್. 690ನ್ನು ಅದರಿಂದ ಭಾಗಿಸಿ ನೋಡಿ ಎಂದರು. ಮಕ್ಕಳು ಭಾಗಿಸಿದರು. ಅರವತ್ತರ ಆಸುಪಾಸು ಬಂತು. ಸರ್ವರಿನ ಕಡೆ ಎಷ್ಟು ಕಾರ್ಡು ಹಾಕಿದರೂ ಆ ಲೆಕ್ಕ ಬದಲಾಗುವುದಿಲ್ಲ. ನಾನು ಹಲಗೆಯ ಮೇಲಿನ ವಾಕ್ಯವನ್ನು ಒರೆಸಿ, "ನಾನು ಹೇಳಿದ್ದು ತಪ್ಪು. ನಾಳೆ ಮತ್ತೆ ನೋಡೋಣ" ಎಂದೆ.

ಮಾರ್ಗದರ್ಶಕರು ನಮೂನೆಯಲ್ಲಿ ಬರೆದದ್ದು ಎರಡೇ ಮಾತು: ಉಪಮೆ ಆಕರ್ಷಕವಾಗಿದೆ, ಪ್ರಯೋಗವನ್ನು ಮೊದಲೇ ಮಾಡಿ ನೋಡಿರಲಿಲ್ಲ. ಹೊಸಪೇಟೆಯ ಕಚೇರಿಯಲ್ಲಿ ನಾನು ಎರಡು ಕಾರ್ಡು ಜೋಡಿಸಿದ್ದೆನೇ ಹೊರತು ಎಂದೂ ಗಡಿಯಾರ ಹಿಡಿದು ಅಳೆದಿರಲಿಲ್ಲ. ಎರಡು ಪಟ್ಟು ಎನ್ನುವುದು ನಾನು ಕೇಳಿದ್ದ ಮಾತು, ಕಂಡದ್ದಲ್ಲ.

ಮರುದಿನದ ಪಾಠವನ್ನು ಮಕ್ಕಳೇ ನಡೆಸಿದರು ಎನ್ನಬೇಕು. ತೂಬಿನ ಮಾತು ಸರಿ. ಆದರೆ ತೂಬು ದೊಡ್ಡದಿದ್ದರೆ? ಅಂದರೆ ಆ ಕಂಪ್ಯೂಟರಿಗೂ ವೇಗದ ಕೇಬಲ್ ಇದ್ದರೆ? ಆಗಲೂ ಒಂದು ವಿಡಿಯೋ ಎರಡು ಪಟ್ಟು ಬೇಗ ಬರುವುದಿಲ್ಲ. ಯಾಕೆ ಎಂದು ವಿವರಿಸಲು ನಾನು ಪದ ಹುಡುಕುತ್ತಿದ್ದೆ. ಹರಿಗೋಲಿನ ಮನೆಯ ಹುಡುಗ ಅಂದ: "ಎರಡು ಹರಗೋಲ ಇದ್ರೂ ಒಬ್ಬಾವ ಒಂದರಾಗ ಕುಂದ್ರಬೇಕಲ್ರೀ ಸರ್. ಹೊಳಿ ದಾಟಾಕ ಅಷ್ಟ ಹೊತ್ತು ಬೇಕು. ಮಂದಿ ಬಾಳ ಇದ್ರ ಮಾತ್ರ ಲಗೂ ಮುಗಿತೈತಿ."

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ತಂಡವಾಗಿ ಕಟ್ಟಿದ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಒಂದು ಕಂಪ್ಯೂಟರಿನ ಜೊತೆಗಿನ ಒಂದು ಸಂಭಾಷಣೆ ಒಂದೇ ಕಾರ್ಡಿನ ಮೂಲಕ ಸಾಗುತ್ತದೆ. ಅದನ್ನು ಹರಿದು ಹಂಚಿ ಎರಡರಲ್ಲೂ ಕಳಿಸುವ ವಿಧಾನವೂ ಇದೆ, ಅದು ಸೊನ್ನೆ ಸಂಖ್ಯೆಯದು. ಆದರೆ ಆಗ ತುಂಡುಗಳು ಹಿಂದುಮುಂದಾಗಿ ತಲುಪಬಹುದು. "ಒಂದೇ ಮನೆಯ ಗಂಟುಮೂಟೆಗಳನ್ನು ಎರಡು ಹರಿಗೋಲಿನಲ್ಲಿ ಹಾಕಿದರೆ?" ಎಂದು ಕೇಳಿದೆ. "ಆಚೀ ದಂಡ್ಯಾಗ ಹುಡುಕ್ಕೋಂತ ನಿಂದ್ರಬೇಕ್ರೀ" ಎಂದು ಉತ್ತರ ಬಂತು.

ಈ ಹರಿಗೋಲುಗಳ ಇತಿಹಾಸವನ್ನೂ ಎರಡು ಮಾತಿನಲ್ಲಿ ಹೇಳಿದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್, ಜನ ಬುಟ್ಟಿಯಂತೆ ದುಂಡಗಿರುವ ದೋಣಿಗಳಲ್ಲಿ ಆನೆಗೊಂದಿಗೆ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ. ಅವು ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದವು. ಈಗ ಬಿದಿರಿನ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಟಾರು ಬಳಿಯುತ್ತಾರೆ ಎಂದು ಹುಡುಗ ಸೇರಿಸಿದ. ತನ್ನ ಅಪ್ಪನ ಕೆಲಸ ಶಾಲೆಯ ಪಾಠವಾದದ್ದು ಅವನಿಗೆ ಖುಷಿ ಕೊಟ್ಟಿತ್ತು.

ಈ ಸಲ ಪ್ರಯೋಗವನ್ನು ನಾವಿಬ್ಬರೂ ಹಿಂದಿನ ಸಂಜೆಯೇ ಮಾಡಿ ನೋಡಿಕೊಂಡಿದ್ದೆವು. 10 ಕಂಪ್ಯೂಟರುಗಳಿಗೂ ಅದೇ ವಿಡಿಯೋವನ್ನು ಒಟ್ಟಿಗೆ ಇಳಿಸಿದೆವು. ಒಂದೇ ಕೇಬಲ್ ಇದ್ದಾಗ ಎಲ್ಲವೂ ಮುಗಿಯಲು ಹತ್ತು ನಿಮಿಷ ಮೀರಿತು. ಎರಡು ಕೇಬಲ್ ಜೋಡಿಸಿದಾಗ ನಾಲ್ಕು ಯಂತ್ರಗಳಲ್ಲಿ ನಾಲ್ಕು ನಿಮಿಷ ಚಿಲ್ಲರೆಯಲ್ಲಿ ಮುಗಿಯಿತು, ಉಳಿದ ಆರರಲ್ಲಿ ಆರು ನಿಮಿಷ ಚಿಲ್ಲರೆ ಹಿಡಿಯಿತು. ಯಾಕೆ ಸಮ ಬರಲಿಲ್ಲ? ಒಂದು ಹರಿಗೋಲಿನಲ್ಲಿ ನಾಲ್ವರು, ಇನ್ನೊಂದರಲ್ಲಿ ಆರು ಮಂದಿ ಹತ್ತಿದ್ದರು ಎಂದು ಮಕ್ಕಳೇ ಬಿಡಿಸಿದರು. ಆಮೇಲೆ ನಡುವೆಯೇ ಒಂದು ಕೇಬಲ್ ಕಿತ್ತೆವು. ಕ್ಷಣ ಮಾತ್ರ ತಡೆದು ಇಳಿಕೆ ಮುಂದುವರಿಯಿತು. ಚಪ್ಪಾಳೆ ಬಿತ್ತು. ಸರ್ವರುಗಳಲ್ಲಿ ಕಾರ್ಡುಗಳನ್ನು ತಂಡ ಕಟ್ಟುವುದಕ್ಕೆ ಒಂದು ದೊಡ್ಡ ಕಾರಣ ಇದೇ. ಒಂದು ಕೆಟ್ಟರೂ ಕೆಲಸ ನಿಲ್ಲಬಾರದು.

ಚಪ್ಪಾಳೆ ನಿಂತ ಮೇಲೆ ಸ್ವಿಚ್‌ನ ಕರೆಂಟ್ ವಾಯರನ್ನೇ ತೆಗೆದೆ. ಎಲ್ಲವೂ ನಿಂತಿತು. ಎರಡೂ ಕೇಬಲ್ ಹೋಗಿ ಸೇರುತ್ತಿದ್ದದ್ದು ಅದೇ ಒಂದು ಸ್ವಿಚ್‌ಗೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದದ್ದು ಮಕ್ಕಳಿಗೆ ಚೆನ್ನಾಗಿ ನೆನಪಿತ್ತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟರು. ತಾತ್ಕಾಲಿಕ ಗೇಟು ಕೂರಿಸಲು ಸುಮಾರು ಒಂದು ವಾರ ಬೇಕಾಯಿತು. ಹೊಳೆ ಹಾಗೆ ತುಂಬಿ ಬಂದಾಗ ಹರಿಗೋಲು ಎರಡಿದ್ದರೇನು, ಹತ್ತಿದ್ದರೇನು? ಎಲ್ಲವನ್ನೂ ದಡಕ್ಕೆ ಎಳೆದಿಡಬೇಕು. ಹೀಗೆ ಎರಡಕ್ಕೂ ಒಟ್ಟಿಗೆ ತಟ್ಟುವ ಕಾರಣ ಯಾವುದೆಂದು ಮೊದಲೇ ಯೋಚಿಸಬೇಕು ಎಂಬಲ್ಲಿಗೆ ಪಾಠ ಮುಗಿಯಿತು. ಅಂಕಗಳೂ ಚೆನ್ನಾಗಿ ಬಂದವು.

ಇಲ್ಲಿಗೇ ನಿಲ್ಲಿಸಿದ್ದರೆ ಇದೊಂದು ಯಶಸ್ವಿ ಪಾಠದ ಕಥೆಯಾಗುತ್ತಿತ್ತು.

ಮೂರನೇ ವಾರ ಕಚೇರಿಯ ಕಡತಗಳ ಒಂದು ಪ್ರತಿ ಸರ್ವರಿನಲ್ಲಿದ್ದರೆ ಒಳ್ಳೆಯದೆಂದು ನಾನೇ ಸೂಚಿಸಿದೆ. ಕಚೇರಿ ಕಂಪ್ಯೂಟರಿನಿಂದ ಕೇಬಲ್ ಎಳೆದು ಪ್ರಯೋಗಾಲಯದ ಅದೇ ಸ್ವಿಚ್‌ಗೆ ಸೇರಿಸಿದೆ. ಆಮೇಲೆ ಹಾಕಿದರಾಯಿತು ಎಂದು ಫೋಲ್ಡರಿಗೆ ಪಾಸ್‌ವರ್ಡ್ ಹಾಕಲಿಲ್ಲ. ಒಂದು ಮಧ್ಯಾಹ್ನ ಪ್ರಯೋಗಾಲಯದಲ್ಲಿ ಬಿಡುವಿನ ಹೊತ್ತು. ಯಾರೋ ನೆಟ್‌ವರ್ಕ್ ಎಂಬಲ್ಲಿ ಒತ್ತಿದರು. ರೂಪಣಾತ್ಮಕ ಮೌಲ್ಯಮಾಪನದ ಅಂಕಪಟ್ಟಿ ತೆರೆದುಕೊಂಡಿತು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಒಬ್ಬ ಹುಡುಗ ಗಣಿತದ ಅಂಕಗಳನ್ನು ಕೆಳಗಿನಿಂದ ಮೇಲಕ್ಕೆ ಜೋರಾಗಿ ಓದುತ್ತಿದ್ದ. ಅವನು ಮೊದಲು ಓದಿದ ಹೆಸರು ತೂಬಿನ ಮಾತು ಹೇಳಿದ ಹುಡುಗಿಯದು.

ಆಕೆ ಅಲ್ಲಿಯೇ ಕುಳಿತು ಅತ್ತಳು. ಮರುದಿನ ಶಾಲೆಗೆ ಬರಲಿಲ್ಲ, ಅದರ ಮರುದಿನವೂ ಇಲ್ಲ. ಓದಿದ ಹುಡುಗನನ್ನು ಗದರಿಸುವುದು ಸುಲಭವಿತ್ತು. ಆದರೆ ಬಾಗಿಲು ತೆರೆದಿಟ್ಟವನು ನಾನು. ಮುಖ್ಯ ಗುರುಗಳ ಬಳಿ ಹೋಗಿ ಹಾಗೆಯೇ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಮೊದಲು ಅದನ್ನ ಬಂದ್ ಮಾಡ್ರಿ, ಆಮ್ಯಾಲೆ ಹುಡುಗಿ ಮನೀಗೆ ಹೋಗೋಣು" ಅಂದರು.

ಆ ಸಂಜೆ ನೆಲದ ಮೇಲೆ ಕುಳಿತು ಸರ್ವರಿನ ಹಿಂಬದಿ ನೋಡುವಾಗ ನನಗೆ ಹೊಳೆದದ್ದು ಇಷ್ಟು. ಹುಡುಗ "ಯಾತಕ್ರೀ?" ಎಂದು ಕೇಳಿದ್ದ. ನಾನು ಎರಡು ಪಾಠಗಳಲ್ಲೂ ಉತ್ತರಿಸಿದ್ದು ಅದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ. ಈ ಶಾಲೆಗೆ ಅದು ಯಾತಕ್ಕೆ ಬೇಕು ಎಂದು ನಾನು ಕೇಳಿಕೊಂಡಿರಲೇ ಇಲ್ಲ. ವಿಡಿಯೋ ಹತ್ತು ನಿಮಿಷಕ್ಕೆ ಬಂದರೂ ಯಾರಿಗೂ ನಷ್ಟವಿಲ್ಲ. ಒಂದು ಕೇಬಲ್ ಕೆಟ್ಟರೆ ಬೇರೆ ಹಾಕಲು ನಾನಿದ್ದೆ. ಮಕ್ಕಳ ದಾರಿಯೂ ಕಚೇರಿಯ ದಾರಿಯೂ ಬೇರೆ ಇರಬೇಕಾದದ್ದು ಮುಖ್ಯವಾಗಿತ್ತು. ಎರಡನೇ ಕಾರ್ಡು ಬೇಕಿದ್ದದ್ದು ಅದಕ್ಕೆ.

ತಂಡವನ್ನು ಬಿಚ್ಚಿದೆ. ಮೊದಲ ಕಾರ್ಡು ಪ್ರಯೋಗಾಲಯದ ಸ್ವಿಚ್‌ಗೆ, 192.168.1ರ ಸರಣಿಯ ವಿಳಾಸ. ಎರಡನೆಯದು ನೇರವಾಗಿ ಕಚೇರಿಯ ಕಂಪ್ಯೂಟರಿಗೆ, 192.168.2ರ ಸರಣಿ. ಹೊಸಬರು ಎರಡೂ ಕಾರ್ಡುಗಳಿಗೆ ಒಂದೇ ಸರಣಿಯ ವಿಳಾಸ ಕೊಡುವುದುಂಟು. ಹಾಗೆ ಮಾಡಿದರೆ ಒಂದರ ಕರೆಗೆ ಇನ್ನೊಂದು ಓಗೊಟ್ಟು, ಯಾವ ಮಾತು ಯಾವ ದಾರಿಯಲ್ಲಿ ಹೋಯಿತೆಂದು ತಿಳಿಯದ ಗೊಂದಲವಾಗುತ್ತದೆ. ಕಾರ್ಡು ಬೇರೆ ಮಾಡಿದ ಮಾತ್ರಕ್ಕೆ ಗೋಡೆ ಎದ್ದಂತಾಗುವುದಿಲ್ಲ ಎಂಬುದೂ ಗೊತ್ತಿರಬೇಕು. ಸರ್ವರ್ ಎರಡೂ ಕಡೆ ಕಾಲಿಟ್ಟುಕೊಂಡೇ ನಿಂತಿರುತ್ತದೆ. ಆದ್ದರಿಂದ ಒಂದು ಕಾರ್ಡಿನಿಂದ ಬಂದದ್ದನ್ನು ಇನ್ನೊಂದಕ್ಕೆ ದಾಟಿಸದಂತೆ ನೋಡಿಕೊಂಡೆ. ಕಚೇರಿಯ ಫೋಲ್ಡರು ಎರಡನೇ ಸರಣಿಯ ವಿಳಾಸಕ್ಕೆ ಮಾತ್ರ ತೆರೆಯುವಂತೆ ಮಾಡಿ ಪಾಸ್‌ವರ್ಡನ್ನೂ ಹಾಕಿದೆ. ಪ್ರಯೋಗಾಲಯಕ್ಕೆ ಬ್ರೌಸರಿನಲ್ಲಿ ಕಾಣುವ ಪುಟಗಳಷ್ಟೇ ಉಳಿದವು. "ಹಂಗಾರ ಮತ್ತ ನಿಧಾನ ಆಗತೈತಲ್ರೀ?" ಎಂದು ಮುಖ್ಯ ಗುರುಗಳು ಕೇಳಿದರು. ಹೌದು, ದೊಡ್ಡ ವಿಡಿಯೋಗಳನ್ನು ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಯಂತ್ರಗಳಿಗೆ ಇಳಿಸಿಡುತ್ತೇವೆ ಎಂದೆ.

ಮಾರನೇ ದಿನ ತರಗತಿ ಶಿಕ್ಷಕಿ, ಮುಖ್ಯ ಗುರುಗಳು, ನಾವಿಬ್ಬರು ಪ್ರಶಿಕ್ಷಣಾರ್ಥಿಗಳು ಆಕೆಯ ಮನೆಗೆ ಹೋದೆವು. ತಾಯಿ ನಾಟಿ ಕೆಲಸದಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದರು. ನಾನು ತಾಯಿಯ ಎದುರಿಗೇ ತಪ್ಪು ನನ್ನದೆಂದು ಹೇಳಿದೆ. "ಹೋಗ್ಲಿ ಬಿಡ್ರೀ ಸರ, ಹುಡುಗುರು ಅಂದ್ಮ್ಯಾಲ" ಎಂದು ಅವರು ಚಹಾಕ್ಕಿಟ್ಟರು. ಹುಡುಗಿ ಗೋಡೆಗೆ ಒರಗಿ ನಿಂತು ಒಂದೇ ಪ್ರಶ್ನೆ ಕೇಳಿದಳು: "ಮತ್ತ ಎಲ್ಲಾರೂ ನೋಡ್ತಾರೇನ್ರೀ?" ಇಲ್ಲ ಎಂದೆ. ಆಕೆ ನಂಬಿದಂತೆ ಕಾಣಲಿಲ್ಲ. ಎರಡು ಪಟ್ಟು ವೇಗ ಎಂದಾಗಲೂ ನಾನು ಇದೇ ಧೈರ್ಯದಿಂದ ಹೇಳಿದ್ದೆನಲ್ಲ. "ನೀನೇ ಬಂದು ನೋಡವ್ವ" ಎಂದೆ.

ಸೋಮವಾರ ಬಂದಳು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಗೆಳತಿಯೊಬ್ಬಳ ಜೊತೆ ಪ್ರಯೋಗಾಲಯಕ್ಕೆ ಬಂದು, ನನ್ನನ್ನು ಬಾಗಿಲ ಬಳಿಯೇ ನಿಲ್ಲಿಸಿ, ಒಂದೊಂದೇ ಕಂಪ್ಯೂಟರಿನ ಮುಂದೆ ಕುಳಿತು ಆ ಫೋಲ್ಡರನ್ನು ತೆರೆಯಲು ನೋಡಿದಳು. ಹತ್ತೂ ಮುಗಿಯುವವರೆಗೆ ಏಳಲಿಲ್ಲ. ಕೊನೆಗೆ "ಇಲ್ರೀ ಸರ್, ಬರವಲ್ದು" ಅಂದಳು. ಆಮೇಲೆ ಸರ್ವರಿನ ಹಿಂದೆ ಬಗ್ಗಿ ಎರಡು ಕೇಬಲ್‌ಗಳು ಎತ್ತೆತ್ತ ಹೋಗಿವೆ ಎಂದು ಬೆರಳಿಟ್ಟು ನೋಡಿ ಗೆಳತಿಗೆ ಹೇಳಿದಳು: "ಇದು ನಮ್ಮ ಘಾಟು, ಅದು ಆಫೀಸಿನ ಘಾಟು."

ಇಂಟರ್ನ್‌ಶಿಪ್ ಮುಗಿಸಿ ಬರುವಾಗ ಸರ್ವರಿನ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿ ಬಂದೆ. ಯಾವ ಕಾರ್ಡು ಎಲ್ಲಿಗೆ, ಯಾವ ವಿಳಾಸ, ಯಾಕೆ ಬೇರೆ ಇಟ್ಟಿದೆ, ಪಾಸ್‌ವರ್ಡ್ ಯಾರ ಬಳಿ ಇದೆ ಎಂದು ಅದರಲ್ಲಿದೆ. ಮುಂದೆ ಹೋಗುವ ಪ್ರಶಿಕ್ಷಣಾರ್ಥಿಗಳು ಎರಡನ್ನೂ ಮತ್ತೆ ತಂಡ ಕಟ್ಟಿ ವೇಗ ಹೆಚ್ಚಿಸಲು ಹೊರಡುವ ಮೊದಲು ಆ ಹಾಳೆ ಓದಿಕೊಳ್ಳಬೇಕೆಂದು ಕೋರುತ್ತೇನೆ. ವೇಗ ಬೇಕೇ ಬೇಕೆಂದರೆ ಮೊದಲು ಹಳೆಯ ಸ್ವಿಚ್ ಬದಲಿಸಿ ನೋಡಿ. ಸರ್ವರಿನ ಕಾರ್ಡುಗಳು ಸೆಕೆಂಡಿಗೆ 1,000 ಮೆಗಾಬಿಟ್‌ನವು, ಅವನ್ನು ಹಿಡಿದಿಟ್ಟಿರುವುದು ಆ ಸ್ವಿಚ್. ಬದಲಿಸಿದ ಮೇಲೆ ಮಕ್ಕಳ ಕೈಗೆ ಗಡಿಯಾರ ಕೊಟ್ಟು ಅಳೆಯಿಸಿ.